ಟಿವಿ ಲೈಸೆನ್ಸ್: ಕಟ್ಟಬೇಕಾ, ಬಿಡಬೇಕಾ?

2025ರ ಏಪ್ರಿಲ್‌ನಲ್ಲಿ ನಮ್ಮನೆ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಮಗಳ ಹಳೇ ಗಣಿತದ ಪುಸ್ತಕದಿಂದ ಹರಿದ ಚೌಕಳಿ ಹಾಳೆ. ಎಡಗಡೆ ಮನೆಯವರ ಹೆಸರು, ಮೇಲುಗಡೆ ಸೋಮವಾರದಿಂದ ಭಾನುವಾರದ ತನಕ ಏಳು ದಿನ. ಟಿವಿಯಲ್ಲೋ ಫೋನಲ್ಲೋ ಯಾರಾದರೂ ಏನನ್ನಾದರೂ ಲೈವ್ ನೋಡಿದರೆ ಅಲ್ಲೊಂದು ಗೀಟು ಎಳೆಯಬೇಕು. ಬಿಬಿಸಿ ಕಾರ್ಯಕ್ರಮಗಳ ಆ್ಯಪ್ ಐಪ್ಲೇಯರ್ ನೋಡಿದರೆ ಒಂದು ಸೊನ್ನೆ. ಬೇರೆ ಏನೇ ನೋಡಲಿ, ಬರೆಯುವುದು ಬೇಡ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಲೈವ್ ಟಿವಿ ನೋಡಲು ವರ್ಷವರ್ಷ ದುಡ್ಡು ಕಟ್ಟಿ ಲೈಸೆನ್ಸ್ ತೆಗೆದುಕೊಳ್ಳಬೇಕು. ನಮ್ಮದು ಏಪ್ರಿಲ್ 30ಕ್ಕೆ ಮುಗಿಯುವುದಿತ್ತು. ಆ ತಿಂಗಳ ಒಂದರಿಂದ ದರ 169.50 ಪೌಂಡ್‌ನಿಂದ 174.50ಕ್ಕೆ ಏರಿತ್ತು. "ಈ ಸಲ ನಿಲ್ಲಿಸಿಬಿಡೋಣ, ಸುಮ್ನೆ ದಂಡ" ಅಂತ ನಾನೇ ಶುರು ಮಾಡಿದ್ದು. ನಮ್ಮನೆಯವರು ತಲೆ ಎತ್ತದೆ "ನಾವು ಬಿಬಿಸಿ ನೋಡೋದೇ ಇಲ್ವಲ್ಲ" ಅಂದರು. ಊರಿಂದ ಬಂದು ವಾರವಾಗಿದ್ದ ಅತ್ತೆ ಮಾತ್ರ "ಟಿವಿಗೂ ಲೈಸೆನ್ಸಾ ಇಲ್ಲಿ?" ಅಂತ ಕೇಳಿ ಜೋರಾಗಿ ನಕ್ಕರು. ಆಮೇಲೆ ಅವರಿಗೇ ನೆನಪಾಯಿತು. ತೀರ್ಥಹಳ್ಳಿಯ ಮನೆಯಲ್ಲಿ ಮಾವನವರ ಅಪ್ಪ ರೇಡಿಯೋ ಲೈಸೆನ್ಸಿನ ಪುಸ್ತಕವನ್ನು ಟ್ರಂಕಿನಲ್ಲಿ ಇಟ್ಟಿರುತ್ತಿದ್ದರಂತೆ. ವರ್ಷಕ್ಕೊಂದು ಸಲ ಪೋಸ್ಟಾಫೀಸಿಗೆ ಹೋಗಿ 15 ರೂಪಾಯಿ ಕಟ್ಟಿ ಅದಕ್ಕೆ ಸ್ಟಾಂಪು ಹಚ್ಚಿಸಿಕೊಂಡು ಬರಬೇಕಿತ್ತು. ಟಿವಿಗಾದರೆ 50 ರೂಪಾಯಿ. ಎಂಬತ್ತರ ದಶಕದ ನಡುವೆ ನಮ್ಮಲ್ಲಿ ಅದು ಹೋಯಿತು. ಇಲ್ಲಿ ಉಳಿದಿದೆ.

ಉಳಿದಿದೆ ಅಂದರೆ ಚೆನ್ನಾಗಿ ಬೇರು ಬಿಟ್ಟೇ ಉಳಿದಿದೆ. ಬ್ರಿಟನ್ನಿನಲ್ಲಿ 1922ರಲ್ಲಿ ರೇಡಿಯೋಗೆ ಹತ್ತು ಶಿಲ್ಲಿಂಗ್ ಅಂತ ಶುರುವಾಗಿ, 1946ರಲ್ಲಿ ಟಿವಿಗೆ 2 ಪೌಂಡ್ ಆಯಿತು. 1968ರಲ್ಲಿ ಕಲರ್ ಟಿವಿಗೆ ಬೇರೆ ದರ ಬಂತು. ರೇಡಿಯೋ ಲೈಸೆನ್ಸ್ 1971ರಲ್ಲಿ ರದ್ದಾಯಿತು. ಹಾಗಾಗಿ ರೇಡಿಯೋ ಕೇಳುವುದಕ್ಕೆ ಈಗ ಏನೂ ಕಟ್ಟಬೇಕಿಲ್ಲ. ಕಪ್ಪು-ಬಿಳುಪು ಟಿವಿಗೆ ಇವತ್ತಿಗೂ ಬೇರೆ ದರ ಇದೆ, 2025ರಲ್ಲಿ 58.50 ಪೌಂಡ್ ಇತ್ತು. ನಂಬಿಕೆ ಬರಲ್ಲ ಅಲ್ವಾ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಇಲ್ಲಿ ನಮ್ಮವರನ್ನು ಕೇಳಿದರೆ ಹತ್ತರಲ್ಲಿ ಎಂಟು ಜನ ನಮ್ಮನೆಯವರ ಹಾಗೇ ಹೇಳುತ್ತಾರೆ: ಬಿಬಿಸಿ ನೋಡಲ್ಲ, ಹಾಗಾಗಿ ಲೈಸೆನ್ಸ್ ಬೇಡ. ಇದು ಅರ್ಧ ಸರಿ. ದುಡ್ಡು ಹೋಗುವುದೇನೋ ಬಿಬಿಸಿಗೆ. ಲೈಸೆನ್ಸ್ ಬೇಕಾಗುವುದು ಮಾತ್ರ ಬಿಬಿಸಿಗಷ್ಟೇ ಅಲ್ಲ. ಯಾವ ಚಾನೆಲ್ಲೇ ಇರಲಿ, ಯಾವ ದೇಶದ್ದೇ ಇರಲಿ, ಅದು ಪ್ರಸಾರವಾಗುತ್ತಿರುವ ಹೊತ್ತಿಗೇ ನೋಡಿದರೆ ಅಥವಾ ರೆಕಾರ್ಡ್ ಮಾಡಿಕೊಂಡರೆ ಲೈಸೆನ್ಸ್ ಬೇಕು. ಟಿವಿ, ಲ್ಯಾಪ್‌ಟಾಪ್, ಫೋನ್ ಅನ್ನುವ ಭೇದ ಇಲ್ಲ. ಐಪ್ಲೇಯರ್‌ನದು ಇನ್ನೊಂದು ಲೆಕ್ಕ. ಅದರಲ್ಲಿ ಬಿಬಿಸಿಯ ಹಳೇ ಕಾರ್ಯಕ್ರಮ ನೋಡಿದರೂ ಲೈಸೆನ್ಸ್ ಬೇಕು. 2016ರ ಸೆಪ್ಟೆಂಬರ್ ತನಕ ಅಲ್ಲೊಂದು ಸಂದು ಇತ್ತು, ಆಮೇಲೆ ಅದನ್ನು ಮುಚ್ಚಿದರು.

ಟಿವಿ ಪೆಟ್ಟಿಗೆ ಮನೆಯಲ್ಲಿದ್ದ ಮಾತ್ರಕ್ಕೆ ಲೈಸೆನ್ಸ್ ಬೇಕಿಲ್ಲ ಅನ್ನುವುದೂ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಐವತ್ತೈದು ಇಂಚಿನ ಟಿವಿಯಲ್ಲಿ ನೆಟ್‌ಫ್ಲಿಕ್ಸ್ ಸಿನಿಮಾ, ಯೂಟ್ಯೂಬ್ ವಿಡಿಯೋ, ಗೇಮು ಇಷ್ಟೇ ಆದರೆ ಒಂದು ಪೈಸೆ ಕಟ್ಟಬೇಕಿಲ್ಲ. ಅದೇ ಅಂಗೈಯಗಲದ ಫೋನಿನಲ್ಲಿ ಐದು ನಿಮಿಷ ಲೈವ್ ನ್ಯೂಸ್ ನೋಡಿದರೆ ಕಟ್ಟಬೇಕು.

ಈಗ ಇದನ್ನು ನಮ್ಮ ಮನೆಗಳಿಗೆ ತಂದು ನೋಡಿ. ಗಂಟು ಇರುವುದು ಇಲ್ಲೇ.

ಅತ್ತೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತರೆ ಯೂಟ್ಯೂಬಿನಲ್ಲಿ ಕನ್ನಡ ನ್ಯೂಸ್ ಚಾನೆಲ್ ಹಾಕುತ್ತಾರೆ. ಮೂಲೆಯಲ್ಲಿ ಕೆಂಪಗೆ 'ಲೈವ್' ಅಂತ ಇರುತ್ತದೆ. ಟಿವಿಯಲ್ಲಿ ಬರುತ್ತಿರುವುದೇ ಅಲ್ಲಿಯೂ ಬರುತ್ತಿದೆ. ಲೈಸೆನ್ಸ್ ಬೇಕು. ಅದೇ ಚಾನೆಲ್ಲಿನವರು ಆಮೇಲೆ ತುಂಡು ಮಾಡಿ ಹಾಕುವ ಹತ್ತು ನಿಮಿಷದ ವಿಡಿಯೋ ನೋಡಿದರೆ ಬೇಡ.

ಊರಲ್ಲಿ ರಾತ್ರಿ ಏಳಕ್ಕೆ ಬರುವ ಧಾರಾವಾಹಿ ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ ಎರಡೂವರೆಗೆ, ಚಳಿಗಾಲದಲ್ಲಿ ಒಂದೂವರೆಗೆ. ಆ್ಯಪಿನೊಳಗೆ ಲೈವ್ ಚಾನೆಲ್ ತೆರೆದು ಆ ಹೊತ್ತಿಗೇ ನೋಡಿದರೆ ಲೈಸೆನ್ಸ್ ಬೇಕು. ಸಂಜೆ ಅದೇ ಆ್ಯಪಿನಲ್ಲಿ ಅದೇ ಸಂಚಿಕೆಯನ್ನು ಒತ್ತಿ ನೋಡಿದರೆ ಬೇಡ. ಕಥೆ ಒಂದೇ, ಅತ್ತೆ-ಸೊಸೆ ಜಗಳವೂ ಒಂದೇ, ಕಾನೂನು ಮಾತ್ರ ಬೇರೆ.

ಮೈಸೂರು ದಸರಾದ ಜಂಬೂ ಸವಾರಿಯನ್ನು ದೂರದರ್ಶನ ಚಂದನದ ನೇರಪ್ರಸಾರದಲ್ಲಿ ನೋಡಿದರೆ ಬೇಕು. ಹುಬ್ಬಳ್ಳಿಯಲ್ಲಿ ದೊಡ್ಡಪ್ಪನ ಮಗನ ಮದುವೆಯನ್ನು ಫೋಟೋದವನು ಯೂಟ್ಯೂಬಿಗೆ ಲೈವ್ ಬಿಟ್ಟಿದ್ದಾನೆ, ನೀವು ಇಲ್ಲಿ ನಸುಕಿನಲ್ಲಿ ಎದ್ದು ಮುಹೂರ್ತ ನೋಡುತ್ತೀರಿ. ಅದಕ್ಕೆ ಬೇಡ. ಅದು ಮನೆಯ ವಿಡಿಯೋ, ಟಿವಿ ಕಾರ್ಯಕ್ರಮ ಅಲ್ಲ.

ಕ್ರಿಕೆಟ್ ವಿಚಾರದಲ್ಲಿ ಗೊಂದಲವೇ ಇಲ್ಲ. ಜೂನ್ 3ರಂದು ಆರ್‌ಸಿಬಿ ಫೈನಲ್ ಆಡಿದಾಗ ಇಲ್ಲಿ ಮಧ್ಯಾಹ್ನ ಮೂರು ಗಂಟೆ, ಅದೂ ಮಂಗಳವಾರ. ನಮ್ಮನೆಯವರಿಗೆ ಅವತ್ತು ಅದೇನೋ 'ತಲೆನೋವು' ಬಂದು ಮನೆಯಿಂದಲೇ ಕೆಲಸ. ಹದಿನೆಂಟು ವರ್ಷ 'ಈ ಸಲ ಕಪ್ ನಮ್ದೇ' ಅಂದವರು ಆರು ರನ್ನಿನಿಂದ ಗೆದ್ದಾಗ ಪಕ್ಕದ ಮನೆ ನಾಯಿ ಬೊಗಳುವಷ್ಟು ಕೂಗಿದರು. ಅದು ಲೈವ್. ಕ್ರಿಕೆಟ್ ತೋರಿಸುವ ಸ್ಕೈ ಟಿವಿಗೆ ತಿಂಗಳ ಚಂದಾ ಕಟ್ಟುತ್ತೀವಲ್ಲ, ಅದರಲ್ಲೇ ಎಲ್ಲ ಬಂತು ಅಂದುಕೊಳ್ಳಬೇಡಿ. ಆ ಚಂದಾ ಬೇರೆ, ಲೈಸೆನ್ಸ್ ಬೇರೆ. ಅಮೆಜಾನ್ ಪ್ರೈಮಿನಲ್ಲಿ ಫುಟ್‌ಬಾಲ್ ಲೈವ್, ನೆಟ್‌ಫ್ಲಿಕ್ಸಿನಲ್ಲಿ ಕುಸ್ತಿ ಲೈವ್ ನೋಡುವವರಿಗೂ ಇದೇ ಮಾತು. ಮಾರನೆಯ ದಿನದ ಹೈಲೈಟ್ಸ್‌ಗೆ ಏನೂ ಬೇಕಿಲ್ಲ, ಐಪ್ಲೇಯರ್‌ನಲ್ಲಿ ನೋಡದಿದ್ದರೆ ಆಯಿತು.

ಇನ್ನೊಂದು ಸಣ್ಣ ಬಲೆ: ಕೆಲವು ಚಾನೆಲ್ಲುಗಳಿಗೆ 'ಪ್ಲಸ್ ಒನ್' ಅಂತ ತಮ್ಮ ಇರುತ್ತಾನೆ, ಅದೇ ಕಾರ್ಯಕ್ರಮ ಒಂದು ಗಂಟೆ ತಡವಾಗಿ ಬರುತ್ತದೆ. ತಡವಾಯಿತು ಅಂತ ಅದು ಲೈವ್ ಅಲ್ಲ ಅಂದುಕೊಳ್ಳುವ ಹಾಗಿಲ್ಲ. ಅದೂ ಚಾನೆಲ್ಲೇ.

ಕಟ್ಟುತ್ತಾ ಹೋದರೆ

2025ರ ದರ 174.50 ಪೌಂಡ್ ಅಂದರೆ ತಿಂಗಳಿಗೆ ಹದಿನಾಲ್ಕೂವರೆ, ದಿನಕ್ಕೆ ಸುಮಾರು 48 ಪೆನ್ಸ್. ಒಂದು ಮನೆಗೆ ಒಂದೇ ಲೈಸೆನ್ಸ್. ಒಳಗೆ ಎಷ್ಟು ಟಿವಿ, ಎಷ್ಟು ಫೋನು, ಎಷ್ಟು ಜನ ಅಂತ ಯಾರೂ ಎಣಿಸುವುದಿಲ್ಲ. ಊರಿಂದ ಬಂದ ಅಪ್ಪ-ಅಮ್ಮ ಆರು ತಿಂಗಳು ಕೂತು ನೋಡಿದರೂ ನಿಮ್ಮ ಲೈಸೆನ್ಸಿನಲ್ಲೇ ಆಗುತ್ತದೆ. ನಾಲ್ಕೈದು ಜನರ ಮನೆಗೆ ಇದು ದುಬಾರಿ ಅಂತ ನನಗೆ ಅನ್ನಿಸುವುದಿಲ್ಲ. ಒಬ್ಬರೇ ಇರುವವರಿಗೂ ಅಷ್ಟೇ ದುಡ್ಡು, ಅಲ್ಲಿ ಚುರುಕ್ ಅನ್ನುತ್ತದೆ.

ಪಕ್ಕದಲ್ಲಿಟ್ಟು ನೋಡುವುದಾದರೆ, ನೆಟ್‌ಫ್ಲಿಕ್ಸಿನ ಜಾಹೀರಾತು ಇರುವ ಅಗ್ಗದ ಪ್ಲಾನ್ 2025ರಲ್ಲಿ ಇಲ್ಲಿ ತಿಂಗಳಿಗೆ 5.99 ಪೌಂಡ್ ಇತ್ತು, ವರ್ಷಕ್ಕೆ 72ರ ಹತ್ತಿರ. ಜಾಹೀರಾತಿಲ್ಲದ ಸ್ಟ್ಯಾಂಡರ್ಡ್ ಪ್ಲಾನ್ 12.99, ವರ್ಷಕ್ಕೆ 156ರ ಹತ್ತಿರ. ಲೈಸೆನ್ಸಿಗೂ ಅದಕ್ಕೂ ಆಗ ಇಪ್ಪತ್ತು ಪೌಂಡಿನೊಳಗೆ ವ್ಯತ್ಯಾಸ. ಆದರೆ ಈ ಹೋಲಿಕೆಯನ್ನು ನಾನು ಜಾಸ್ತಿ ನಂಬುವುದಿಲ್ಲ. ನೆಟ್‌ಫ್ಲಿಕ್ಸ್ ಬೇಡವಾದರೆ ಈ ತಿಂಗಳು ನಿಲ್ಲಿಸಿ ಮುಂದಿನ ತಿಂಗಳು ಶುರು ಮಾಡಬಹುದು, ಯಾರೂ ಕೇಳುವುದಿಲ್ಲ. ಲೈಸೆನ್ಸಿನ ಹಿಂದೆ ಕಾನೂನು ನಿಂತಿದೆ.

ಚಿಕ್ಕ ಮಕ್ಕಳಿರುವ ಮನೆಗೆ ಒಂದು ಮಾತು ಹೇಳಲೇಬೇಕು. ಐಪ್ಲೇಯರ್‌ನಲ್ಲಿ ಸಿಬೀಬೀಸ್ ಅಂತ ಪುಟ್ಟ ಮಕ್ಕಳ ಚಾನೆಲ್ ಇದೆ, ಅದರಲ್ಲಿ ಜಾಹೀರಾತು ಇಲ್ಲ. ನನ್ನ ಮಗ ಯೂಟ್ಯೂಬಿನಲ್ಲಿ ಅರ್ಧ ಗಂಟೆ ಕೂತು ಎದ್ದರೆ ಏನಾದರೂ ಒಂದು ಆಟದ ಸಾಮಾನು ಬೇಕು ಅನ್ನುತ್ತಾನೆ. ಸಿಬೀಬೀಸ್ ನೋಡಿ ಎದ್ದರೆ ಹಸಿವು ಅನ್ನುತ್ತಾನೆ. ಎರಡನೆಯದಕ್ಕೆ ನನ್ನ ಹತ್ತಿರ ಉಪ್ಪಿಟ್ಟು ಇದೆ.

ಬಿಬಿಸಿ ಬಗ್ಗೆ ನಮ್ಮವರಿಗೆ ಒಂದು ಹಳೇ ಗೌರವವೂ ಇದೆ. 'ಬಿಬಿಸಿಯಲ್ಲಿ ಬಂತು' ಅಂದರೆ ನಮ್ಮಪ್ಪನ ಕಾಲದವರಿಗೆ ಮುದ್ರೆ ಬಿದ್ದ ಹಾಗೆ. ಇದನ್ನೂ ಲೆಕ್ಕಕ್ಕೆ ಹಿಡಿಯುವುದಾದರೆ, ಬೇರೆ ದೇಶಗಳಿಗೆ ಅವರವರ ಭಾಷೆಯಲ್ಲಿ ಸುದ್ದಿ ಕೊಡುವ ಬಿಬಿಸಿ ವರ್ಲ್ಡ್ ಸರ್ವಿಸ್‌ನ ಖರ್ಚಿನ ಬಹುಪಾಲು 2014ರಿಂದ ಈ ಲೈಸೆನ್ಸ್ ದುಡ್ಡಿನಿಂದಲೇ ಹೋಗುತ್ತಿದೆ. ಅದರಲ್ಲಿ ಹಿಂದಿ, ತಮಿಳು ಮೊದಲಿನಿಂದಲೂ ಇದ್ದವು. 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇರಿದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆಕಾಶವಾಣಿ ಅನ್ನುವ ಹೆಸರನ್ನೇ ರೇಡಿಯೋಗೆ ಇಟ್ಟುಕೊಟ್ಟ ಊರಿನವರು ನಾವು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಆ ಬಾನುಲಿ ಶುರು ಮಾಡಿದ್ದರು. ಹಾಗಾಗಿ ಸ್ವಲ್ಪ ಮುನಿಸಿಕೊಳ್ಳುವ ಹಕ್ಕು ನಮಗಿದೆ ಅಂತ ನನ್ನ ಲೆಕ್ಕ.

ಕಟ್ಟುವ ರೀತಿಯಲ್ಲೂ ಒಂದು ಸೂಕ್ಷ್ಮ ಇದೆ. ಬ್ಯಾಂಕ್ ಖಾತೆಯಿಂದ ತಾನಾಗಿ ದುಡ್ಡು ಹೋಗುವ ತಿಂಗಳ ಡೈರೆಕ್ಟ್ ಡೆಬಿಟ್ ಹೊಸದಾಗಿ ಹಾಕಿಸಿದರೆ ಮೊದಲ ವರ್ಷದ ದುಡ್ಡನ್ನು ಆರೇ ತಿಂಗಳಲ್ಲಿ ಹಿಡಿಯುತ್ತಾರೆ, 2025ರ ದರದಲ್ಲಿ ತಿಂಗಳಿಗೆ 29 ಪೌಂಡಿನ ಹಾಗೆ. ಆಮೇಲೆ ಅದರ ಅರ್ಧಕ್ಕೆ ಇಳಿಯುತ್ತದೆ. ಹೊಸದಾಗಿ ಬಂದವರು ಇದನ್ನು ನೋಡಿ ಗಾಬರಿ ಬೀಳುತ್ತಾರೆ. ಮೂರು ತಿಂಗಳಿಗೊಮ್ಮೆ ಕಟ್ಟುವುದಾದರೆ ಪ್ರತಿ ಸಲ ಸ್ವಲ್ಪ ಹೆಚ್ಚಿಗೆ ಹಾಕುತ್ತಾರೆ. ಒಂದೇ ಸಲ ವರ್ಷದ್ದು ಕಟ್ಟಿಬಿಟ್ಟರೆ ಈ ರಗಳೆ ಇಲ್ಲ.

ಬಿಟ್ಟರೆ

ಬಿಡುವವರು ಕಳೆದುಕೊಳ್ಳುವುದು ಎರಡೇ: ಎಲ್ಲ ಲೈವ್ ಮತ್ತು ಐಪ್ಲೇಯರ್. ಉಳಿದದ್ದೆಲ್ಲ ಇರುತ್ತದೆ. ಐಟಿವಿಎಕ್ಸ್, ಚಾನೆಲ್ 4ರ ಆ್ಯಪುಗಳಲ್ಲಿ ಪ್ರಸಾರ ಮುಗಿದ ಮೇಲೆ ಕಾರ್ಯಕ್ರಮಗಳನ್ನು ಪುಕ್ಕಟೆ ನೋಡಬಹುದು, ಜಾಹೀರಾತು ಸಹಿಸಿಕೊಂಡರೆ ಸಾಕು. ಕನ್ನಡ ಸಿನಿಮಾ, ಧಾರಾವಾಹಿ, ಯಕ್ಷಗಾನ, ಹಾಸ್ಯ, ಅಡುಗೆ, ಪ್ರವಚನ ಎಲ್ಲ ಯೂಟ್ಯೂಬಿನಲ್ಲೂ ಆ್ಯಪುಗಳಲ್ಲೂ ಬೇಕಾದ ಹೊತ್ತಿಗೆ ಸಿಗುತ್ತವೆ. ಬಿಬಿಸಿಯ ವೆಬ್‌ಸೈಟಿನಲ್ಲಿ ಸುದ್ದಿ ಓದುವುದಕ್ಕೂ ಏನೂ ಕಟ್ಟಬೇಕಿಲ್ಲ.

ನನ್ನ ಜೊತೆ ಕೆಲಸ ಮಾಡುವ ದಾವಣಗೆರೆಯ ಹುಡುಗಿ, ಅವಳ ಗಂಡ ಇಬ್ಬರೇ ಇದ್ದಾರೆ. ಕ್ರಿಕೆಟ್ ಇಬ್ಬರಿಗೂ ಆಗಿಬರಲ್ಲ. ನ್ಯೂಸ್ ಅಂದರೆ ಫೋನಿನಲ್ಲಿ ಓದುವುದು. ನಾಲ್ಕು ವರ್ಷ ಸುಮ್ನೆ ಕಟ್ಟಿಕೊಂಡು ಬಂದಿದ್ದರು, ಯಾಕೆ ಅಂತ ಕೇಳಿದರೆ "ಎಲ್ಲರೂ ಕಟ್ತಾರಲ್ಲ ಅಕ್ಕಾ" ಅಂದಳು. ಇಂಥವರು ಕಣ್ಣು ಮುಚ್ಚಿ ಬಿಡಬಹುದು. ಅವಳು ಬಿಟ್ಟಳು, ಉಳಿದ ತಿಂಗಳುಗಳ ದುಡ್ಡನ್ನೂ ವಾಪಸ್ ಪಡೆದಳು.

ಬಿಡುವಾಗ ಡೈರೆಕ್ಟ್ ಡೆಬಿಟ್ ನಿಲ್ಲಿಸಿ ಸುಮ್ಮನೆ ಕೂರಬೇಡಿ. ಮೊದಲು ಲೈಸೆನ್ಸ್ ರದ್ದು ಮಾಡಿಸಿ. ಅವಧಿ ಮುಗಿಯುವ ತನಕ ನಿಮಗೆ ಮತ್ತೆ ಅದು ಬೇಕಾಗುವುದಿಲ್ಲ ಅಂತಾದರೆ, ಬಾಕಿ ಇರುವ ಪೂರ್ತಿ ತಿಂಗಳುಗಳಿಗೆ ಮರುಪಾವತಿ ಕೇಳಬಹುದು. ಆಮೇಲೆ 'ಈ ಮನೆಗೆ ಲೈಸೆನ್ಸ್ ಬೇಡ' ಅನ್ನುವ ಘೋಷಣೆಯನ್ನು ಆನ್‌ಲೈನಿನಲ್ಲಿ ತುಂಬಿ. ತುಂಬಲೇಬೇಕು ಅಂತ ಕಾನೂನಿಲ್ಲ. ತುಂಬದಿದ್ದರೆ ಕಾಗದಗಳು ಬರುತ್ತಲೇ ಇರುತ್ತವೆ, ಒಂದಕ್ಕಿಂತ ಒಂದು ಬಿಗಿಯಾದ ದನಿಯಲ್ಲಿ. ತುಂಬಿದರೆ ಸಾಮಾನ್ಯವಾಗಿ ಎರಡು ವರ್ಷ ನೆಮ್ಮದಿ.

ಘೋಷಣೆ ತುಂಬಿದ ಮೇಲೂ ಲೈಸೆನ್ಸಿನ ಕಡೆಯವರು ಒಬ್ಬರು ಬಂದು ಬಾಗಿಲು ತಟ್ಟಬಹುದು. ಅವರು ಪೊಲೀಸರಲ್ಲ. ಕೋರ್ಟಿನ ವಾರಂಟ್ ಇಲ್ಲದೆ ಒಳಗೆ ಬರುವ ಅಧಿಕಾರ ಅವರಿಗಿಲ್ಲ. ಒಳಗೆ ಬಿಡುವುದು, ಬಿಡದಿರುವುದು ನಿಮ್ಮಿಷ್ಟ. ನಾವು ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸಿ ಅಭ್ಯಾಸ ಇಲ್ಲದವರು, 'ಬನ್ನಿ, ಕೂತ್ಕೊಳ್ಳಿ, ಟೀ ತಗೋತೀರಾ' ಅನ್ನುವವರು. ಅನ್ನಿ, ತೊಂದರೆ ಇಲ್ಲ. ಒಳಗೆ ಅಮ್ಮನ ಫೋನಿನಲ್ಲಿ ಲೈವ್ ನ್ಯೂಸ್ ಓಡುತ್ತಿಲ್ಲ ತಾನೇ ಅಂತ ಒಂದು ಸಲ ಕಿವಿಗೊಡಿ.

ಇದನ್ನು ನಗುತ್ತಾ ಬರೆದೆ, ಆದರೆ ಲೈಸೆನ್ಸ್ ಇಲ್ಲದೆ ಲೈವ್ ನೋಡುವುದು ಇಲ್ಲಿ ಅಪರಾಧ. ಸಿಕ್ಕಿಬಿದ್ದರೆ 1,000 ಪೌಂಡ್ ತನಕ ದಂಡ, ಮೇಲೆ ಕೋರ್ಟಿನ ಖರ್ಚು. ವೀಸಾದಲ್ಲಿರುವ ನಮ್ಮಂಥವರಿಗೆ ದಂಡಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಪಿಆರ್ ಅಂದರೆ ಕಾಯಂ ವಾಸದ ಅರ್ಜಿಯಲ್ಲೂ ಪೌರತ್ವದ ಅರ್ಜಿಯಲ್ಲೂ ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿದೆಯೇ ಅಂತ ಕೇಳುತ್ತಾರೆ. ವರ್ಷಗಟ್ಟಲೆ ಕಾದು ತುಂಬುವ ಆ ಅರ್ಜಿಯಲ್ಲಿ ಟಿವಿ ನೋಡಿದ್ದಕ್ಕೆ ಒಂದು ಸಾಲು ಬರೆಯುವ ಪಾಡು ಬೇಡ. ಐಪ್ಲೇಯರ್ ತೆರೆದಾಗ 'ನಿಮ್ಮ ಹತ್ತಿರ ಲೈಸೆನ್ಸ್ ಇದೆಯಾ' ಅಂತ ಕೇಳುತ್ತದೆ. 'ಇದೆ' ಅಂತ ಒತ್ತಿದರೆ ಅದು ತೆರೆದುಕೊಳ್ಳುತ್ತದೆ, ಲೈಸೆನ್ಸ್ ಹುಟ್ಟುವುದಿಲ್ಲ.

ನಡುವಿನ ದಾರಿಗಳು

ಐಪಿಎಲ್ ಎರಡು ತಿಂಗಳಿಗೆ ಮಾತ್ರ ತೆಗೆದುಕೊಂಡು ಆಮೇಲೆ ಬಿಟ್ಟರೆ ಹೇಗೆ ಅಂತ ಜಾಣರು ಕೇಳುತ್ತಾರೆ. ಲೈಸೆನ್ಸ್ ವರ್ಷಕ್ಕೇ ಕೊಡುವುದು. ಬೇಡವಾದಾಗ ರದ್ದು ಮಾಡಿಸಿ ಉಳಿದ ತಿಂಗಳಿನದು ಕೇಳಬಹುದು ನಿಜ, ಆದರೆ ಆ ಅವಧಿಯಲ್ಲಿ ಮತ್ತೆ ಬೇಕಾಗಬಾರದು ಅನ್ನುವ ಷರತ್ತು ನೆನಪಿರಲಿ. ಜೂನ್‌ನಲ್ಲಿ ರದ್ದು ಮಾಡಿಸಿ, ಭಾರತದ ತಂಡ ಟೆಸ್ಟ್ ಆಡಲು ಇಲ್ಲಿಗೆ ಬಂದಾಗ ಕೈ ತುರಿಸುವವರಿಗೆ ಇದು ಆಗುವ ಮಾತಲ್ಲ. ನನ್ನ ಪ್ರಕಾರ ಮಿಕ್ಕುವುದು ಕಡಿಮೆ, ತಲೆಬಿಸಿ ಜಾಸ್ತಿ.

ಓದಲು ಬಂದ ಮಕ್ಕಳದ್ದು ಬೇರೆಯೇ ಕಥೆ. ಇಲ್ಲಿಯ ಹುಡುಗರಿಗೆ ಒಂದು ಸವಲತ್ತು ಇದೆ. ಅಪ್ಪ-ಅಮ್ಮನ ಮನೆಗೆ ಲೈಸೆನ್ಸ್ ಇದ್ದರೆ, ಹಾಸ್ಟೆಲಿನಲ್ಲಿ ಫೋನನ್ನೋ ಲ್ಯಾಪ್‌ಟಾಪನ್ನೋ ಚಾರ್ಜಿಗೆ ಹಾಕದೆ, ಬ್ಯಾಟರಿಯಲ್ಲೇ ಇಟ್ಟುಕೊಂಡು ನೋಡಬಹುದು. ನಮ್ಮ ಮಕ್ಕಳ ಅಪ್ಪ-ಅಮ್ಮನ ಮನೆ ಇರುವುದು ರಾಜಾಜಿನಗರದಲ್ಲೋ ಶಿರಸಿಯಲ್ಲೋ. ಅಲ್ಲಿ ಯಾವ ಲೈಸೆನ್ಸ್? ಹಾಗಾಗಿ ಈ ಸವಲತ್ತು ನಮಗೆ ದಕ್ಕುವುದಿಲ್ಲ. ಇಂಗ್ಲಿಷ್ ರೂಮ್‌ಮೇಟ್ 'ಚಾರ್ಜರ್ ತೆಗೆದುಬಿಡು ಸಾಕು' ಅಂತ ಹೇಳಿಕೊಟ್ಟರೆ ನಂಬಬೇಡಿ. ಅವನಿಗೆ ಅದು ಸರಿ, ನಿಮಗೆ ಅಲ್ಲ.

ಕೂಡಿ ಬಾಡಿಗೆಗಿರುವ ಮನೆಯಲ್ಲಿ ಬಾಡಿಗೆ ಪತ್ರ ತೆಗೆದು ನೋಡಿ. ಎಲ್ಲರೂ ಸೇರಿ ಒಂದೇ ಪತ್ರಕ್ಕೆ ಸಹಿ ಹಾಕಿದ್ದರೆ ಇಡೀ ಮನೆಗೆ ಒಂದು ಲೈಸೆನ್ಸ್ ಸಾಕು, ಐದು ಜನ ಹಂಚಿಕೊಂಡರೆ 2025ರ ದರದಲ್ಲಿ ತಲೆಗೆ 35 ಪೌಂಡಿಗೂ ಕಡಿಮೆ. ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಇದ್ದರೆ ತಮ್ಮ ಕೋಣೆಯಲ್ಲಿ ಲೈವ್ ನೋಡುವವರು ತಮ್ಮದೇ ತೆಗೆದುಕೊಳ್ಳಬೇಕು. ಹಾಸ್ಟೆಲಿನ ಕೋಣೆಗೂ ಹೀಗೇ. ಓದಲು ಬಂದ ಹುಡುಗನೋ ಹುಡುಗಿಯೋ ನನ್ನನ್ನು ಕೇಳಿದರೆ, ಬಿಟ್ಟುಬಿಡಿ ಅನ್ನುತ್ತೇನೆ. ಲೈಸೆನ್ಸಿನ ದುಡ್ಡಿನಲ್ಲಿ ಎಷ್ಟು ವಾರದ ದಿನಸಿ ಬರುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತು. ಮ್ಯಾಚು ಲೈವ್ ನೋಡಲೇಬೇಕಾದರೆ ಲೈಸೆನ್ಸ್ ಇರುವ ಗೆಳೆಯರ ಮನೆಗೆ ಚಿಪ್ಸ್ ಹಿಡಿದು ಹೋಗಿ.

ವಯಸ್ಸಾದವರಿಗೆ ರಿಯಾಯಿತಿ ಇದೆ ಅಂತ ಕೇಳಿರುತ್ತೀರಿ. ಮೊದಲು 75 ದಾಟಿದವರಿಗೆಲ್ಲ ಪುಕ್ಕಟೆ ಇತ್ತು. 2020ರ ಆಗಸ್ಟ್‌ನಿಂದ, ಪೆನ್ಷನ್ ಕ್ರೆಡಿಟ್ ಅನ್ನುವ ಸರಕಾರಿ ನೆರವು ಪಡೆಯುತ್ತಿರುವ ಮನೆಯ 75 ದಾಟಿದವರಿಗೆ ಮಾತ್ರ. ಎಪ್ಪತ್ತರ ದಶಕದಲ್ಲಿ ಬಂದು ಇಲ್ಲೇ ನೆಲೆ ನಿಂತ ಹಿರಿಯರು ನಿಮ್ಮ ಪರಿಚಯದಲ್ಲಿದ್ದರೆ ಈ ನೆರವಿಗೆ ಅರ್ಹರೇ ಅಂತ ವಿಚಾರಿಸಿ, ಸಂಕೋಚಕ್ಕೆ ಕೇಳದೆ ಬಿಡುವವರು ಇದ್ದಾರೆ. ದೃಷ್ಟಿ ತೀರಾ ಕಳೆದುಕೊಂಡವರು ಮನೆಯಲ್ಲಿದ್ದರೆ ಅವರ ಹೆಸರಿಗೆ ಮಾಡಿಸಿದರೆ ಅರ್ಧ ದರ. ಪ್ರವಾಸಿ ವೀಸಾದಲ್ಲಿ ಬಂದ ಅತ್ತೆ-ಮಾವನ ವಯಸ್ಸು ತೋರಿಸಿ ಪುಕ್ಕಟೆ ಕೇಳುವ ಹಾಗಿಲ್ಲ.

ಮೋಸದ ಇಮೇಲ್ ಬಗ್ಗೆಯೂ ಒಂದು ಮಾತು. 'ನಿಮ್ಮ ಲೈಸೆನ್ಸ್ ಮುಗಿದಿದೆ, ಈಗಲೇ ಕಟ್ಟಿ' ಅಂತ ಬರುವ ಸುಳ್ಳು ಸಂದೇಶ ಇಲ್ಲಿ ಬಹಳ. ಲಿಂಕ್ ಒತ್ತಬೇಡಿ. ಲೈಸೆನ್ಸಿನ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ ನೋಡಿ.

ಕಾಯೋಣ, ಹೇಗೂ ಈ ಪದ್ಧತಿಯೇ ಹೋಗುತ್ತದೆ ಅನ್ನುವವರೂ ಇದ್ದಾರೆ. ಬಿಬಿಸಿಗೆ ನಡೆಯುವ ಅಧಿಕಾರ ಕೊಡುವ ಈಗಿನ ಸನ್ನದು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಆಮೇಲೆ ದುಡ್ಡು ಹೇಗೆ ಅನ್ನುವ ಚರ್ಚೆ ನಡೆದೇ ಇದೆ. ಅಲ್ಲಿಯ ತನಕ ಪ್ರತಿ ಏಪ್ರಿಲ್‌ನಲ್ಲೂ ಬೆಲೆಯೇರಿಕೆಗೆ ತಕ್ಕ ಹಾಗೆ ದರ ಏರುತ್ತದೆ. ಆಗುವುದನ್ನು ನೆನೆದು ಈಗ ಕಟ್ಟದೆ ನೋಡುವುದು ಜಾಣತನ ಅಲ್ಲ.

ಹಾಳೆ ಏನು ಹೇಳಿತು

ಭಾನುವಾರ ರಾತ್ರಿ ಹಾಳೆ ಕಿತ್ತು ಊಟದ ಮೇಜಿನ ಮೇಲಿಟ್ಟೆ. ಅತ್ತೆಯ ಹೆಸರಿನ ಮುಂದೆ ಹನ್ನೆರಡು ಗೀಟು. ನಮ್ಮನೆಯವರಿಗೆ ಮೂರು, ಮೂರೂ ಕ್ರಿಕೆಟ್. ಮಕ್ಕಳಿಗೆ ಗೀಟು ಇಲ್ಲ, ಎಂಟು ಸೊನ್ನೆ. ನನ್ನ ಹೆಸರಿನ ಮುಂದೆ ಖಾಲಿ ಇರಬೇಕಿತ್ತು, ಅಲ್ಲೊಂದು ಗೀಟು ಇತ್ತು. ನಾನು ಎಳೆದದ್ದಲ್ಲ.

"ಇದ್ಯಾರು ಹಾಕಿದ್ದು?"

"ನಾನೇ" ಅಂದಳು ಮಗಳು. "ಗುರುವಾರ ನೀನು ಸೌಟು ಹಿಡ್ಕೊಂಡು ಬಾಗಿಲಲ್ಲಿ ನಿಂತು ಅಜ್ಜಿ ಸೀರಿಯಲ್ ನೋಡ್ತಾ ಇದ್ದೆ. ಸಾರು ಉಕ್ಕಿತ್ತು."

ಸಾರು ಉಕ್ಕಿದ್ದು ನಿಜ.

ಬಿಡುವ ಆಸೆ ನನಗೆ ಇನ್ನೂ ಇತ್ತು. ಕ್ರಿಕೆಟ್ಟಿಗೆ ಹೈಲೈಟ್ಸ್, ಧಾರಾವಾಹಿ ಸಂಜೆಗೆ ಅಂತ ಲೆಕ್ಕ ಹಾಕಿದೆ. ಮಕ್ಕಳ ಐಪ್ಲೇಯರ್‌ಗೆ ಬದಲಿ ಏನು ಅಂತ ಯೋಚಿಸಿದಾಗ ಮೊದಲ ತೊಡಕು ಬಂತು. ಎರಡನೆಯ ತೊಡಕು ಅತ್ತೆಯೇ. ನ್ಯೂಸನ್ನು ಲೈವ್ ಬದಲು ಆಮೇಲೆ ಹಾಕುವ ವಿಡಿಯೋದಲ್ಲಿ ನೋಡಬಹುದಲ್ಲ ಅತ್ತೆ ಅಂದೆ.

"ಆಗಿಹೋಗಿದ್ದನ್ನ ನೋಡೋಕೆ ಪೇಪರ್ ಸಾಲ್ದಾ?" ಅಂದರು. "ನಾನು ಕೂತಿರೋದು ಇಲ್ಲಿ. ಊರಲ್ಲಿ ಈಗ ಏನಾಗ್ತಿದೆ ಅಂತ ನೋಡ್ಬೇಕಪ್ಪ ನನಗೆ. ಈಗ."

ಕಟ್ಟಿದೆವು. ಪೂರ್ತಿ ವರ್ಷದ್ದು, ಒಂದೇ ಸಲಕ್ಕೆ.

ನಿಮ್ಮನೆಯಲ್ಲೂ ವಾದಕ್ಕೆ ಇಳಿಯುವ ಮೊದಲು ಒಂದು ವಾರ ಹಾಳೆ ಅಂಟಿಸಿ ನೋಡಿ. ಒಂದೂ ಗೀಟಿಲ್ಲ, ಒಂದೂ ಸೊನ್ನೆಯಿಲ್ಲ ಅಂದರೆ ರದ್ದು ಮಾಡಿಸಿ, ಯೋಚನೆ ಬೇಡ. ಒಬ್ಬರದೇ ಒಂದೆರಡು ಗೀಟು ಇದ್ದರೆ ಅದನ್ನು ಬಿಡಲು ಅವರು ತಯಾರಿದ್ದಾರಾ ಅಂತ ಅವರನ್ನೇ ಕೇಳಿ, ಅವರ ಪರವಾಗಿ ನೀವು ಉತ್ತರಿಸಬೇಡಿ. ಅದಕ್ಕಿಂತ ಜಾಸ್ತಿ ಇದ್ದರೆ ಕಟ್ಟಿ.

ಅತ್ತೆ ಹಬ್ಬಕ್ಕೆ ಊರಲ್ಲಿರಬೇಕು ಅಂತ ಸೆಪ್ಟೆಂಬರ್ ಕೊನೆಗೆ ಹೊರಡುವವರಿದ್ದರು. ಅಕ್ಟೋಬರ್‌ನಲ್ಲಿ ಇನ್ನೊಂದು ಹಾಳೆ ಅಂಟಿಸುವ ಯೋಚನೆ ನನ್ನದು. ಗೀಟೂ ಸೊನ್ನೆಯೂ ನಿಂತು ಲೈಸೆನ್ಸ್ ರದ್ದು ಮಾಡಿಸಿದರೆ, ಏಪ್ರಿಲ್ ತನಕದ ಆರು ತಿಂಗಳಿಗೆ 87 ಪೌಂಡಿನಷ್ಟು ವಾಪಸ್ ಬರುತ್ತಿತ್ತು. ಆ ವರ್ಷ ವಿಜಯದಶಮಿ ಅಕ್ಟೋಬರ್ 2ಕ್ಕೆ. ಜಂಬೂ ಸವಾರಿ ಇರುವ ಆ ವಾರವನ್ನು ಬಿಟ್ಟು ಮುಂದಿನ ವಾರಕ್ಕೆ ಅಂಟಿಸೋಣ ಅಂತಿದ್ದೆ. ಮಗಳು ಒಪ್ಪಲಿಲ್ಲ, ಅದು ಮೋಸವಂತೆ.